ಕೊಸರು

ಹೆಸರು ಹುಟ್ಟಿದ್ದು ಮಂಡಕ್ಕಿ ಅಂಗಡಿಯ ಮುಂದೆ.
ಸೇರು ಅಳೆದು ಸುರಿದ ಮೇಲೂ ಗಿರಾಕಿ ಚೀಲ ಮುಚ್ಚದೆ
"ಕೊಸರು ಹಾಕಪಾ" ಅಂದ,
ಅಂಗಡಿಯವ ಗೊಣಗುತ್ತಲೇ ಇನ್ನೊಂದು ಹಿಡಿ ಎಸೆದ.
ಕೊಟ್ರಬಸಪ್ಪ ನನ್ನ ಮುಖ ನೋಡಿದ. ನಾನು ಅವನದು.
ಲೆಕ್ಕಕ್ಕೆ ಸಿಗದ ಆ ಒಂದು ಹಿಡಿಗೆ
ಪತ್ರಿಕೆ ಮಾಡೋಣ ಅಂತ ಮೊದಲು ಅಂದವರು ಯಾರು
ಎಂಬ ಜಗಳ ಇನ್ನೂ ಹರಿದಿಲ್ಲ.

ಎಂಟು ವರ್ಷ. ಹತ್ತೊಂಬತ್ತು ಸಂಚಿಕೆ.
ಮುಖಪುಟದಲ್ಲಿ ತ್ರೈಮಾಸಿಕ ಅಂತಿರುತ್ತದೆ,
ಅದರ ಕೆಳಗೇ ಸಣ್ಣಕ್ಷರದಲ್ಲಿ: ನಂಬಬೇಡಿ.
ಚಂದಾದಾರರು ನೂರಾ ಹದಿಮೂರು.
ಅದರಲ್ಲಿ ಇಬ್ಬರು ತೀರಿಕೊಂಡಿದ್ದಾರೆ;
ಅವರ ಪ್ರತಿ ಮಾತ್ರ ಒಮ್ಮೆಯೂ ವಾಪಸು ಬಂದಿಲ್ಲ.

ಹಗಲು ನಾನು ಮಂಡಿಪೇಟೆಯ ಬೀಜದಂಗಡಿಯಲ್ಲಿ
ಮೆಕ್ಕೆಜೋಳದ ಚೀಲಕ್ಕೆ ಬಿಲ್ಲು ಬರೆಯುವವಳು,
ಬಿಲ್ಲಿನ ಬೆನ್ನಿಗೆ ಸಂಪಾದಕೀಯ.
ರಾತ್ರಿ ದಾದಾಪೀರನ ಪ್ರೆಸ್ಸು.
ಲಗ್ನಪತ್ರಿಕೆ, ತಿಥಿ ಕಾರ್ಡು, ಚುನಾವಣೆಯ ಕರಪತ್ರ ಮುಗಿದ ಮೇಲೆ
ಉಳಿದ ಕಾಗದ, ಉಳಿದ ಶಾಯಿ, ಉಳಿದ ನಿದ್ದೆ ನಮಗೆ.
ಹನ್ನೊಂದನೆಯ ಸಂಚಿಕೆ ಪೂರ್ತಿ ಅರಿಶಿನ ಹಾಳೆಯಲ್ಲಿ ಬಂದಾಗ
ವಿಮರ್ಶಕರೊಬ್ಬರು ಅದರಲ್ಲಿ ಸಂಕೇತ ಕಂಡರು.
ದಾದಾಪೀರ ಮಷೀನು ಹಿಡಿದುಕೊಂಡು ನಕ್ಕ:
"ಚನ್ನಗಿರಿ ಪಾರ್ಟಿ ಮದುವಿ ಮುರೀತು, ಪೇಪರ್ ಉಳೀತು. ಅಷ್ಟೇರಿ."

ಬರುವ ಕಥೆಗಳೋ!
ತನ್ನದೇ ಮರಣ ಪ್ರಮಾಣಪತ್ರಕ್ಕೆ
ಪಾಲಿಕೆಯಲ್ಲಿ ಮೂರು ದಿನ ಸರತಿ ನಿಂತ ಹೆಣ.
ಅಶೋಕ ರಸ್ತೆಯ ರೈಲ್ವೆ ಗೇಟು ಬಿದ್ದಾಗ ಹುಟ್ಟಿ
ಗೇಟು ಏಳುವಷ್ಟರಲ್ಲಿ ಹಲ್ಲುದುರಿದ ಹುಡುಗ.
ಮುಚ್ಚಿದ ಮಿಲ್ಲಿನ ಸೈರನ್ನು ಕೇಳಿಸಿತೆಂದು
ಬುತ್ತಿ ಕಟ್ಟಿಕೊಂಡು ಪಾಳಿಗೆ ಹೊರಟ ಬೆಕ್ಕು.
ನೀತಿ ಇದ್ದ ಕಥೆ ವಾಪಸು.
ಹಳ್ಳಿಯೆಲ್ಲ ಮುಗ್ಧ, ಪೇಟೆಯೆಲ್ಲ ಮೋಸ: ವಾಪಸು.
ಅಂಚೆಚೀಟಿ ಇಡದಿದ್ದರೆ ವಾಪಸೂ ಇಲ್ಲ.
ದೊಡ್ಡವರು ಕಳಿಸಿದರೆ ಕೊಟ್ರಬಸಪ್ಪ
ಮನೆಮನೆಯ ಮೀಟರು ಓದಿ ಸವೆದ ಕಣ್ಣಲ್ಲಿ
ಒಂದು ಪುಟ ಓದಿ ಆಕಳಿಸುತ್ತಾನೆ.
ಆಕಳಿಕೆಯೇ ನಮ್ಮ ಸಲಹಾ ಮಂಡಳಿ.

ಹದಿನೇಳರಲ್ಲಿ ಒಂದು ಎಡವಟ್ಟಾಯಿತು.
ಹರಿಹರದ ಗುಲ್ನಾಜಳ ಕಥೆ,
ಸೊಸೈಟಿಯಲ್ಲಿ ಹೊಳೆಯನ್ನೇ ಅಡವಿಟ್ಟ ಮುದುಕಿಯದು.
ಕೊನೆಯ ಪುಟ ಅಚ್ಚಾಗಲೇ ಇಲ್ಲ,
ಆ ಜಾಗದಲ್ಲಿ ಯಾರದೋ ನಾಮಕರಣದ ಕರೆಯೋಲೆ.
ನೂರಾ ಹದಿಮೂರು ಜನಕ್ಕೂ ತಲುಪಿತು.
ಯಾರೂ ಏನೂ ಅನ್ನಲಿಲ್ಲ.
ಒಬ್ಬರು ಕಾರ್ಡು ಬರೆದಿದ್ದರು: ಅಂತ್ಯ ಅದ್ಭುತ.

ಬಿತ್ತನೆ ಬೀಜಕ್ಕೆ ಜನ ಮುಗಿಬಿದ್ದಿದ್ದ ಮಧ್ಯಾಹ್ನ
ಸಾಲು ಸೀಳಿಕೊಂಡು ಒಬ್ಬ ಬಂದ,
ಹುಬ್ಬಿನ ತುಂಬ ಮಂಡಕ್ಕಿ ಭಟ್ಟಿಯ ಮಸಿ,
ಕೈಯಲ್ಲಿ ಎಣ್ಣೆ ಕುಡಿದು ಕನ್ನಡಿಯಾದ ಒಂದು ಹಾಳೆ.
ಮಾರದ ಪ್ರತಿಗಳನ್ನು ರದ್ದಿಗೆ ಹಾಕಿದ್ದೆವಲ್ಲ,
ಮಿರ್ಚಿ ಸುತ್ತಿಕೊಂಡು ಬಂದಿತ್ತು ಪುಟ ಮೂವತ್ತೆರಡು.
"ಅಕ್ಕಾರೆ, ಈ ಮುದುಕಿ ಹೊಳಿ ಬಿಡಿಸ್ಕಂಡ್ಳೋ ಇಲ್ವೋ?
ಮುಂದಿನ ಹಾಳಿ ಸಿಗ್ಲಿ ಅಂತ ಮತ್ತ ನಾಲ್ಕು ಮಿರ್ಚಿ ತಗಂಡೆ.
ನಾಮಕರಣದ್ದು ಬಂತು. ಅದು ಈ ಕಥೀದಲ್ಲ."

ಬಿಲ್ಲು ಬರೆಯುವುದು ನಿಂತಿತು.
ಹಿಂದಿನವರು ಬೈಯತೊಡಗಿದರು, ಬೈಯಲಿ.
ಗುಲ್ನಾಜಳಿಗೆ ಫೋನು ಹಚ್ಚಿ ಅವನ ಕೈಗೇ ಕೊಟ್ಟೆ.
ಮೌಲಾಲಿ ಗೋಡೆಗೆ ಒರಗಿ ಪೂರ್ತಿ ಕೇಳಿದ,
ಆಮೇಲೆ ತಲೆಯಾಡಿಸಿದ:
"ಇಲ್ಲವ್ವಾ, ನಿನ್ ಬಡ್ಡಿ ಲೆಕ್ಕ ತಪ್ಪೈತಿ.
ಬ್ಯಾಸಿಗ್ಯಾಗೆ ಹೊಳಿ ಅರ್ಧ ಇರ್ತತಿ,
ಬಡ್ಡಿನೂ ಅರ್ಧ ಹಾಕ್ಬೇಕು."

ಆ ಕಡೆ ತುಂಬ ಹೊತ್ತು ಸದ್ದಿರಲಿಲ್ಲ.
ಆಮೇಲೆ ಅವಳು ಕೇಳಿದ್ದು ನನಗೂ ಕೇಳಿಸಿತು:
"ತಡೀರಿ, ಬರ್ಕೊಂತೀನಿ."

ಹದಿನೆಂಟರಲ್ಲಿ ಅದು ಬಂತು, ತಿದ್ದುಪಡಿ ಎಂಬ ತಲೆಬರಹದಲ್ಲಿ.
ಕೊಟ್ರಬಸಪ್ಪ ಆಕಳಿಸಲಿಲ್ಲ.
ಪ್ರತಿ ಕಳಿಸುತ್ತೇವೆ, ವಿಳಾಸ ಕೊಡು ಅಂದರೆ
ಮೌಲಾಲಿ ಒಪ್ಪಲಿಲ್ಲ:
"ಬ್ಯಾಡ್ರಿ. ಮಿರ್ಚಿ ಜೊತಿಗೆ ಬಂದ್ರೆ ಓದ್ತೀನಿ."

ಈಗ ಇಪ್ಪತ್ತನೆಯದಕ್ಕೆ ಕಥೆಗಳಿವೆ, ಕಾಗದವಿಲ್ಲ.
ಊರಲ್ಲಿ ಯಾರದಾದರೂ ಮದುವೆ ಮುರಿಯಬೇಕು.
ಹಾಗೆಲ್ಲ ಬೇಡಿಕೊಳ್ಳಬಾರದು, ಗೊತ್ತು.
ದೊಡ್ಡದೇನೂ ಬೇಡ ಸ್ವಾಮೀ,
ಐನೂರು ಕಾರ್ಡಿನದು ಸಾಕು,
ಹುಡುಗಿಗೂ ಇಷ್ಟವಿಲ್ಲದ್ದು.